ನಾಗಾ ಹೆಣ್ಣಿನ ಮೈಮೇಲಿನ ಚರಿತ್ರೆ

ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಈಶಾನ್ಯ ರಾಜ್ಯಗಳ ತಂಡಗಳು ಹಾದುಹೋಗುವಾಗ ನೋಡುಗರ ಕಣ್ಣು ಮೊದಲು ನಿಲ್ಲುವುದು ನಾಗಾ ನರ್ತಕರ ಮೇಲೆ. ಗಂಡಸರ ಕೈಯಲ್ಲಿ ಈಟಿ, ತಲೆಯ ಮೇಲೆ ಗರಿ. ಪಕ್ಕದಲ್ಲಿ ಕಪ್ಪು ಕೆಂಪು ಪಟ್ಟೆಗಳ ಉಡುಗೆಯುಟ್ಟು, ಕೊರಳ ತುಂಬ ಕಿತ್ತಳೆ ಬಣ್ಣದ ಮಣಿಸರಗಳನ್ನು ಧರಿಸಿದ ಹೆಂಗಸರು. ‘ಎಷ್ಟು ಚೆಂದದ ಬಣ್ಣ’ ಎನ್ನುವಷ್ಟರಲ್ಲಿ ತಂಡ ಮುಂದೆ ಸಾಗಿರುತ್ತದೆ.

ಆದರೆ ಆ ಬಣ್ಣ, ಆ ಪಟ್ಟೆ, ಆ ಮಣಿ ಒಂದೂ ಬರಿಯ ಅಲಂಕಾರವಲ್ಲ. ನೂರು ವರ್ಷಗಳ ಹಿಂದೆ ನಾಗಾ ಬೆಟ್ಟಗಳ ಹಳ್ಳಿಯೊಂದರಲ್ಲಿ ಹಬ್ಬದ ಕುಣಿತಕ್ಕೆ ಬಂದ ಹೆಣ್ಣನ್ನು ಊರಿನ ಮುದುಕಿ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರೆ ಸಾಕಿತ್ತು. ಆಕೆ ಯಾವ ಬುಡಕಟ್ಟಿನವಳು, ಯಾವ ಕಡೆಯವಳು, ಮದುವೆಯಾಗಿದೆಯೋ ಇಲ್ಲವೋ, ಆಕೆಯ ತಂದೆ ಊರಿಗೆ ಔತಣ ಹಾಕಿದವನೋ ಅಲ್ಲವೋ ಎಂಬುದೆಲ್ಲ ತಿಳಿದುಹೋಗುತ್ತಿತ್ತು. ಲಿಪಿಯಿಲ್ಲದ ಜನ ತಮ್ಮ ಮಾನ ಮರ್ಯಾದೆಗಳ ಲೆಕ್ಕವನ್ನು ನೂಲಿನಲ್ಲಿ ಬರೆದಿಟ್ಟಿದ್ದರು. ಅದನ್ನು ಬರೆದವರು ಹೆಂಗಸರು. ಮೈಮೇಲೆ ಹೊತ್ತು ನಡೆದವರಲ್ಲಿಯೂ ಅವರೇ ಮುಖ್ಯರು.

ಇಂದು ಆ ಉಡುಗೆ ಉಳಿದಿದೆ. ಅದನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇದರಲ್ಲಿ ನಾಗಾ ಹೆಣ್ಣಿಗೆ ಆದ ನಷ್ಟವೆಷ್ಟು, ಸಿಕ್ಕ ಬಿಡುಗಡೆ ಎಷ್ಟು ಎಂಬುದು ವಿಚಾರಕ್ಕೆ ತಕ್ಕ ಸಂಗತಿ.

ಹೆಸರು ಒಂದು, ಜನ ಹಲವು

ನಾಗಾ ಎಂಬುದು ಒಂದೇ ಬುಡಕಟ್ಟಿನ ಹೆಸರಲ್ಲ. 1963ರ ಡಿಸೆಂಬರ್ 1ರಂದು ಭಾರತದ 16ನೆಯ ರಾಜ್ಯವಾಗಿ ಹುಟ್ಟಿದ ನಾಗಾಲ್ಯಾಂಡಿನ ಜನಸಂಖ್ಯೆ 2011ರ ಜನಗಣತಿಯಂತೆ ಇಪ್ಪತ್ತು ಲಕ್ಷಕ್ಕೂ ಕಡಿಮೆ. ಇಷ್ಟು ಜನರಲ್ಲಿಯೇ ಕೊಹಿಮಾ ಸುತ್ತಿನ ಅಂಗಾಮಿಗಳು, ಮೊಕೊಕ್‌ಚುಂಗ್‌ನ ಆವೋಗಳು, ವೋಖಾದ ಲೋಥಾಗಳು, ಫೆಕ್‌ನ ಚಾಕೆಸಾಂಗರು, ಮೋನ್ ಕಡೆಯ ಕೊನ್ಯಾಕರು, ಸುಮಿ, ರೆಂಗ್ಮಾ, ಫೋಮ್, ಚಾಂಗ್, ಸಂಗ್ಟಮ್ ಹೀಗೆ ಹದಿನೈದಕ್ಕೂ ಮಿಕ್ಕಿದ ಬುಡಕಟ್ಟುಗಳಿವೆ. ಮಣಿಪುರದ ಉಖ್ರುಲ್ ಬೆಟ್ಟಗಳಲ್ಲಿ ತಂಗ್‌ಖುಲ್ ನಾಗಾಗಳು, ಪಶ್ಚಿಮದ ಬೆಟ್ಟಗಳಲ್ಲಿ ರೊಂಗ್‌ಮೇಗಳು ಇದ್ದಾರೆ. ಅರುಣಾಚಲ, ಅಸ್ಸಾಂ ಹಾಗೂ ಗಡಿಯಾಚೆಯ ಮ್ಯಾನ್ಮಾರ್‌ನಲ್ಲಿಯೂ ನಾಗಾ ಹಳ್ಳಿಗಳಿವೆ. ಒಬ್ಬರ ನುಡಿ ಇನ್ನೊಬ್ಬರಿಗೆ ತಿಳಿಯದು. ಅಸ್ಸಾಮಿಯಿಂದ ಹುಟ್ಟಿದ ನಾಗಾಮೀಸ್ ಎಂಬ ಸಂತೆಮಾತು ಅವರನ್ನು ಬೆಸೆಯುತ್ತದೆ.

ಆದ್ದರಿಂದ ‘ನಾಗಾ ಉಡುಗೆ’ ಎಂದು ಒಂದೇ ಮಾತಿನಲ್ಲಿ ಹೇಳುವುದು, ಇಳಕಲ್ಲನ್ನೂ ಕಾಂಜೀವರವನ್ನೂ ಒಟ್ಟಿಗೆ ಸೇರಿಸಿ ‘ಸೀರೆ’ ಎಂದು ಕೈತೊಳೆದುಕೊಂಡಂತೆ. ಆದರೂ ಎಲ್ಲರಲ್ಲಿಯೂ ಕಾಣುವ ಕೆಲವು ಅಂಶಗಳಿವೆ. ಸೊಂಟಕ್ಕೆ ಸುತ್ತುವ ಬಟ್ಟೆ ಒಂದು. ಅಸ್ಸಾಮಿನಿಂದ ಬಂದ ‘ಮೆಖೆಲಾ’ ಎಂಬ ಪದ ಇಂದು ಇದಕ್ಕೆ ಎಲ್ಲೆಡೆ ಬಳಕೆಯಲ್ಲಿದೆ; ತಂಗ್‌ಖುಲ್‌ರು ಅದನ್ನು ‘ಕಶಾನ್’ ಎನ್ನುತ್ತಾರೆ. ಎದೆಯನ್ನು ಬಳಸಿ ಕಟ್ಟುವ ಇಲ್ಲವೆ ಹೆಗಲ ಮೇಲೆ ಹಾಯಿಸುವ ಬಟ್ಟೆ ಇನ್ನೊಂದು. ಅದರ ಮೇಲೆ ಹೊದೆಯುವ ದಪ್ಪ ಶಾಲು ಮೂರನೆಯದು. ಹೊಲಿಗೆಯ ಕೆಲಸ ಬಹಳ ಕಡಿಮೆ. ಮಗ್ಗದಿಂದ ಇಳಿದ ಬಟ್ಟೆಯೇ ಉಡುಗೆ. ಹೀಗಾಗಿ ಅದರ ಅರ್ಥವೆಲ್ಲ ನೇಯ್ಗೆಯಲ್ಲಿ, ಪಟ್ಟೆಗಳ ಅಗಲದಲ್ಲಿ, ಬಣ್ಣಗಳ ಹೊಂದಿಕೆಯಲ್ಲಿ ಅಡಗಿರುತ್ತದೆ.

ಸೊಂಟಕ್ಕೆ ಕಟ್ಟಿದ ಮಗ್ಗ

ನಾಗಾ ಹೆಂಗಸಿನ ಮಗ್ಗಕ್ಕೆ ಚೌಕಟ್ಟಿಲ್ಲ, ಕಾಲ್ಮಣೆಯಿಲ್ಲ, ಗುಂಡಿಯಿಲ್ಲ. ಹಾಸಿನ ಒಂದು ತುದಿಯ ಕೋಲನ್ನು ಮನೆಯ ಗೋಡೆಗೋ ಕಂಬಕ್ಕೋ ಬಿಗಿಯುತ್ತಾರೆ. ಇನ್ನೊಂದು ತುದಿಯ ಕೋಲಿಗೆ ಅಗಲವಾದ ಪಟ್ಟಿಯೊಂದನ್ನು ಜೋಡಿಸಿ ನೇಯುವವಳ ಸೊಂಟದ ಹಿಂಬದಿಗೆ ಕಟ್ಟುತ್ತಾರೆ. ನೆಲದ ಮೇಲೆ ಕಾಲು ಚಾಚಿ ಕುಳಿತು ಆಕೆ ಹಿಂದಕ್ಕೆ ಬಾಗಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ಮಗ್ಗದ ಅರ್ಧ ಭಾಗ ಬಿದಿರು, ಉಳಿದರ್ಧ ಹೆಂಗಸಿನ ದೇಹ. ಕೆಲಸ ಮುಗಿದ ಮೇಲೆ ಇಡೀ ಮಗ್ಗವನ್ನು ಚಾಪೆಯಂತೆ ಸುರುಳಿ ಸುತ್ತಿ ಮೂಲೆಗಿಡಬಹುದು.

ಈ ಮಗ್ಗದಲ್ಲಿ ಕೈಚಾಚುವಷ್ಟೇ ಅಗಲದ ಬಟ್ಟೆ ನೇಯಲು ಸಾಧ್ಯ. ಆದ್ದರಿಂದ ಒಂದು ಶಾಲಿಗೆ ಎರಡು ಮೂರು ಪಟ್ಟಿಗಳನ್ನು ಬೇರೆ ಬೇರೆಯಾಗಿ ನೇಯ್ದು ಅಂಚಿಗೆ ಅಂಚು ಕೂಡಿಸಿ ಹೊಲಿಯುತ್ತಾರೆ. ಒಂದು ಪಟ್ಟಿಯ ಗೆರೆ ಪಕ್ಕದ ಪಟ್ಟಿಯ ಗೆರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಸೇರಬೇಕು. ನಕ್ಷೆ ಬರೆದಿಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಎಳೆಗಳ ಲೆಕ್ಕವೆಲ್ಲ ನೇಯುವವಳ ನೆನಪಿನಲ್ಲಿ. ಸಂಕೀರ್ಣವಾದ ಒಂದು ಶಾಲಿಗೆ ವಾರಗಳೇ ಹಿಡಿಯುತ್ತವೆ. ನೇಯ್ಗೆ ಪೂರ್ತಿಯಾಗಿ ಹೆಂಗಸರ ಕೆಲಸ. ಗಂಡಸರು ಬುಟ್ಟಿ ಹೆಣೆಯುತ್ತಾರೆ, ಮರ ಕೆತ್ತುತ್ತಾರೆ, ಕಬ್ಬಿಣ ಬಡಿಯುತ್ತಾರೆ. ಮಗ್ಗವನ್ನು ಅವರು ಮುಟ್ಟಬಾರದೆಂಬ ಕಟ್ಟಳೆ ಹಲವು ಬುಡಕಟ್ಟುಗಳಲ್ಲಿತ್ತು.

ಹತ್ತಿ ಕುಮರಿ ಬೇಸಾಯದ ಬೆಟ್ಟದ ಹೊಲಗಳಲ್ಲಿಯೇ ಬೆಳೆಯುತ್ತಿತ್ತು. ಹತ್ತಿ ಸಾಲದಿದ್ದ ಕಡೆ ಮುಟ್ಟಿದರೆ ತುರಿಸುವ ಕಾಡುಗಿಡವೊಂದರ ತೊಗಟೆಯ ನಾರನ್ನು ತೆಗೆದು ನೂಲುತ್ತಿದ್ದರು. ಮನೆಯ ಬಳಿಯಲ್ಲೇ ಬೆಳೆಸಿದ ಗಿಡವೊಂದರ ಎಲೆಗಳಿಂದ ಕಡುನೀಲಿ ಬರುತ್ತಿತ್ತು. ಅದರಲ್ಲಿ ಮತ್ತೆ ಮತ್ತೆ ಅದ್ದಿದಾಗ ನೂಲು ಕಪ್ಪಿಗೆ ತಿರುಗುತ್ತಿತ್ತು. ಕೆಂಪು ಮಾತ್ರ ಅಷ್ಟು ಸುಲಭದ ಬಣ್ಣವಲ್ಲ. ಅದು ಮಂಜಿಷ್ಠದ ಜಾತಿಯ ಬಳ್ಳಿಯಿಂದ ಸಿಗುವ ಬಣ್ಣ. ರಕ್ತದ ಬಣ್ಣವೂ ಹೌದು. ಹರೆಯದ ಹೆಂಗಸು ಕೆಂಪು ಬಣ್ಣ ಕಾಯಿಸಿದರೆ ಆಕೆಗೆ ದುರ್ಮರಣ ತಪ್ಪದು ಎಂದು ರೆಂಗ್ಮಾಗಳು ನಂಬಿದ್ದರು. ಹಾಗಾಗಿ ಆ ಕೆಲಸ ಮುದುಕಿಯರ ಪಾಲಿಗೆ ಬಂದಿತ್ತು. ಊರೂರುಗಳ ನಡುವೆ ತಲೆ ಕಡಿಯುವ ಕಾಳಗಗಳು ನಡೆಯುತ್ತಿದ್ದ ಕಾಲದಲ್ಲಿ ಈ ಭಯ ಬರಿಯ ಮೂಢನಂಬಿಕೆಯಷ್ಟೇ ಆಗಿರಲಿಲ್ಲ. ಹೊಲಕ್ಕೋ ನೀರಿಗೋ ಹೋದ ಹೆಂಗಸರು ಹೊಂಚು ಹಾಕಿದ ಶತ್ರುಗಳಿಗೆ ಬಲಿಯಾಗುವುದು ಆಗಿನ ಬದುಕಿನ ನಿಜವಾಗಿತ್ತು.

ಉಡುವ ಹಕ್ಕನ್ನು ಗಳಿಸಬೇಕಿತ್ತು

ಹಣವಿದ್ದರೆ ಬೇಕಾದ ಬಟ್ಟೆ ಕೊಳ್ಳಬಹುದು ಎಂಬುದು ಇಂದಿನ ತಿಳಿವಳಿಕೆ. ಹಳೆಯ ನಾಗಾ ಸಮಾಜದಲ್ಲಿ ಹಾಗಿರಲಿಲ್ಲ. ಕೆಲವು ಬಟ್ಟೆಗಳನ್ನು ಉಡುವ ಹಕ್ಕನ್ನು ಗಳಿಸಬೇಕಿತ್ತು. ಗಳಿಸುವ ದಾರಿಗಳು ಮುಖ್ಯವಾಗಿ ಎರಡು: ಒಂದು ಕಾಳಗ, ಇನ್ನೊಂದು ಔತಣ.

ಔತಣದ ಪದ್ಧತಿ ಕುತೂಹಲಕರವಾದದ್ದು. ಕಣಜ ತುಂಬಿದ ಮನೆಯವನು ಊರಿಗೆಲ್ಲ ಊಟ ಹಾಕುತ್ತಿದ್ದ. ಇದು ಒಂದು ಸಲಕ್ಕೆ ಮುಗಿಯುವುದಲ್ಲ; ಮೆಟ್ಟಿಲು ಮೆಟ್ಟಿಲಾಗಿ ಏರುವ ಔತಣಗಳ ಸಾಲು. ಹಂದಿಯಿಂದ ಎತ್ತಿಗೆ, ಎತ್ತಿನಿಂದ ಮಿಥುನ್‌ಗೆ. ಕಾಟಿಯನ್ನು ಹೋಲುವ ಮಿಥುನ್ ನಾಗಾಗಳ ಕಣ್ಣಿಗೆ ಸಂಪತ್ತಿನ ತುತ್ತತುದಿ. ಕೊನೆಯ ಔತಣ ಮುಗಿಯುವ ಹೊತ್ತಿಗೆ ಕಣಜ ಬರಿದಾಗುತ್ತಿತ್ತು. ಬದಲಿಗೆ ಯಜಮಾನನಿಗೆ ದಕ್ಕುತ್ತಿದ್ದುದು ಮನೆಯ ಮುಂಭಾಗಕ್ಕೆ ಮರದ ಕೊಂಬುಗಳನ್ನು ಏರಿಸುವ ಹಕ್ಕು ಮತ್ತು ವಿಶೇಷವಾದ ಶಾಲೊಂದನ್ನು ಹೊದೆಯುವ ಹಕ್ಕು. ಕೂಡಿಟ್ಟವನಿಗಲ್ಲ, ಹಂಚಿದವನಿಗೆ ಗೌರವ. ಹಸಿದ ವರ್ಷಗಳಲ್ಲಿ ಈ ಪದ್ಧತಿ ಬಡವರ ಹೊಟ್ಟೆಗೂ ದಾರಿಯಾಗಿತ್ತು.

ಹೊರಗಿನವರು ಬರೆದ ವಿವರಣೆಗಳಲ್ಲಿ ಈ ಔತಣ ಗಂಡಸಿನ ಸಾಹಸದಂತೆ ಕಾಣುತ್ತದೆ. ಆದರೆ ಹೆಂಡತಿಯಿಲ್ಲದವನು ಔತಣ ಹಾಕುವಂತಿರಲಿಲ್ಲ. ಊರಿಗೆಲ್ಲ ಸಾಕಾಗುವಷ್ಟು ಅಕ್ಕಿ ಕುಟ್ಟುವುದು, ಅಕ್ಕಿಯ ಮದ್ಯವನ್ನು ಹುದುಗಿಸಿ ಇಳಿಸುವುದು, ನಡುನಡುವೆ ನಿಯಮ ನಿಷೇಧಗಳನ್ನು ಪಾಲಿಸುವುದು ಆಕೆಯ ಭಾರ. ವಿಧಿಗಳಲ್ಲಿಯೂ ಆಕೆಗೆ ತನ್ನದೇ ಸ್ಥಾನವಿತ್ತು. ಆದ್ದರಿಂದಲೇ ಹಲವು ಬುಡಕಟ್ಟುಗಳಲ್ಲಿ ಔತಣದ ಕೀರ್ತಿ ಆಕೆಯ ಉಡುಗೆಗೂ ಇಳಿದು ಬರುತ್ತಿತ್ತು. ಆವೋಗಳಲ್ಲಿ ಮಿಥುನ್ ಕಡಿದವನ ಹೆಣ್ಣುಮಕ್ಕಳು ಉಡುವ ಬಟ್ಟೆಯೇ ಬೇರೆ, ಉಳಿದವರದೇ ಬೇರೆ. ಚೋಂಗ್ಲಿ ಮತ್ತು ಮೋಂಗ್‌ಸೆನ್ ಎಂಬ ಆವೋ ಪಂಗಡಗಳ ಉಡುಗೆಗಳಲ್ಲಿಯೂ ವ್ಯತ್ಯಾಸವಿತ್ತು. ಕೊನ್ಯಾಕರಲ್ಲಿ ‘ಅಂಗ್’ ಎಂಬ ಪಾಳೆಯಗಾರರ ವಂಶದ ಹೆಂಗಸರ ಉಡುಗೆಯನ್ನು ಸಾಮಾನ್ಯರ ಮನೆಯವರು ಉಡುವಂತಿರಲಿಲ್ಲ. ತನಗೆ ಸಲ್ಲದ್ದನ್ನು ಉಟ್ಟರೆ ಊರು ನಗುವುದಷ್ಟೇ ಅಲ್ಲ, ಕೇಡೂ ತಟ್ಟುವುದೆಂಬ ಭಯವಿತ್ತು.

ಆವೋಗಳ ಪ್ರಸಿದ್ಧ ಯೋಧರ ಶಾಲು ‘ತ್ಸುಂಗ್‌ಕೊಟೆಪ್ಸು’ ಈ ಪದ್ಧತಿಗೆ ಒಳ್ಳೆಯ ನಿದರ್ಶನ. ಕಡುಗಪ್ಪು ಕೆಂಪು ಪಟ್ಟೆಗಳ ನಡುವೆ ಬಿಳಿಯ ಪಟ್ಟಿಯೊಂದಿರುತ್ತದೆ. ಅದರ ಮೇಲೆ ಮಿಥುನ್, ಆನೆ, ಹುಲಿ, ಹುಂಜ, ಮನುಷ್ಯರ ತಲೆ ಮುಂತಾದ ಚಿತ್ರಗಳು. ಬಟ್ಟೆ ನೇಯುವುದು ಹೆಂಗಸು, ಬಿಳಿ ಪಟ್ಟಿಯ ಮೇಲೆ ಚಿತ್ರ ಬರೆಯುವುದು ಗಂಡಸು. ಗಂಡಸು ಬರೆದ ಚಿತ್ರಗಳನ್ನು ಹೊರಗಿನವರೂ ಕಂಡು ಗುರುತಿಸಿದರು. ಅವುಗಳ ಸುತ್ತ ಹೆಂಗಸು ನೇಯ್ದ ಗೆರೆಗಳು ಅವರಿಗೆ ಬರಿಯ ಅಂಚಿನಂತೆ ಕಂಡವು.

ಸಮುದ್ರದಿಂದ ಬೆಟ್ಟಕ್ಕೆ

ನಾಗಾಗಳು ಹೊರಜಗತ್ತಿನ ಸಂಪರ್ಕವೇ ಇಲ್ಲದೆ ಬಾಳಿದವರು ಎಂಬ ಕಲ್ಪನೆ ಬಹುಕಾಲ ಚಲಾವಣೆಯಲ್ಲಿತ್ತು. ಅವರ ಹೆಂಗಸರ ಕೊರಳೇ ಈ ಕಲ್ಪನೆಗೆ ಉತ್ತರ ಹೇಳುತ್ತದೆ. ಹಬ್ಬದ ದಿನ ಧರಿಸುವ ಸರಗಳಲ್ಲಿ ಕಾಣುವ ಬೆಲೆಬಾಳುವ ಮಣಿಗಳಲ್ಲಿ ಹೆಚ್ಚಿನವು ನಾಗಾ ಬೆಟ್ಟಗಳಲ್ಲಿ ಹುಟ್ಟಿದವಲ್ಲ.

ಕಿತ್ತಳೆಗೆಂಪಿನ ನೀಳ ಮಣಿಗಳು ಕಾರ್ನೀಲಿಯನ್ ಎಂಬ ಕಲ್ಲಿನವು. ಕಲ್ಲು ಗುಜರಾತಿನ ರತನಪುರದ ಗಣಿಗಳದು, ಮಣಿ ಮಾಡುವವರು ಖಂಭಾತದ ಕುಶಲಕರ್ಮಿಗಳು. ಕಲ್ಲನ್ನು ಬಿಸಿಲಿಗೊಡ್ಡಿ, ಮಡಕೆಗಳಲ್ಲಿಟ್ಟು ಕಾಯಿಸಿದಾಗ ಅದರೊಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಬಳಿಕ ಅದನ್ನು ಚಕ್ಕೆ ಎಬ್ಬಿಸಿ, ಉಜ್ಜಿ, ವಜ್ರದ ಮೊನೆಯ ಬೈರಿಗೆಯಿಂದ ರಂಧ್ರ ಕೊರೆಯುತ್ತಾರೆ. ನಾಗಾಗಳಿಗೆ ಉದ್ದನೆಯ, ಮೂಲೆಗಳು ಎದ್ದುಕಾಣುವ ಮಣಿಗಳು ಬೇಕೆಂದು ಅರಿತ ಖಂಭಾತದವರು ಅಂಥವನ್ನೇ ವಿಶೇಷವಾಗಿ ತಯಾರಿಸತೊಡಗಿದರು. ದೇಶದ ಪಶ್ಚಿಮದ ಕಡಲಂಚಿನ ಕುಶಲಕರ್ಮಿ ತಾನು ಎಂದೂ ಕಾಣದ ಪೂರ್ವದ ಬೆಟ್ಟದ ಹೆಣ್ಣಿನ ಅಭಿರುಚಿಗೆ ತಕ್ಕಂತೆ ಕಲ್ಲು ಕೊರೆದ ಎಂಬುದು ಸೋಜಿಗವೇ ಸರಿ.

ಬಿಳಿಯ ಮಣಿಗಳು ಮತ್ತು ಬಿಲ್ಲೆಗಳು ಶಂಖದಿಂದ ಮಾಡಿದವು. ನಾವು ಪೂಜೆಗೆ ಬಳಸುವ ಶಂಖದ ಜಾತಿಯೇ ಅದು. ತಮಿಳುನಾಡಿನ ತೂತ್ತುಕುಡಿಯ ಸುತ್ತಿನ ಕಡಲಿನಲ್ಲಿ ಮುಳುಗಿ ತೆಗೆದ ಶಂಖ ಬಂಗಾಳಕ್ಕೆ ಹೋಗಿ, ಅಲ್ಲಿಂದ ಅಸ್ಸಾಮಿನ ಬಯಲಿನ ಸಂತೆಗಳಿಗೆ, ಅಲ್ಲಿಂದ ಬೆಟ್ಟಕ್ಕೆ ಏರುತ್ತಿತ್ತು. ಚೌಕಾಬಾರದ ಆಟದಲ್ಲಿ ನಮ್ಮ ಮಕ್ಕಳು ಉರುಳಿಸುವ ಕವಡೆ ಬಂಗಾಳದಲ್ಲಿಯೂ ಅಸ್ಸಾಮಿನಲ್ಲಿಯೂ ಒಂದು ಕಾಲಕ್ಕೆ ನಾಣ್ಯವಾಗಿತ್ತು. ಮಾಲ್ಡೀವ್ಸ್‌ನ ಕಡಲಿನಿಂದ ಹಡಗೇರಿ ಬಂದ ಆ ಕವಡೆ ನಾಗಾ ಬೆಟ್ಟಗಳಲ್ಲಿ ಪರಾಕ್ರಮದ ಗುರುತಾಯಿತು. ಬ್ರಿಟಿಷರ ಕಾಲದಲ್ಲಿ ಕಲ್ಕತ್ತೆಯ ಬಂದರಿನ ಮೂಲಕ ವೆನಿಸ್ಸಿನ ಗಾಜಿನ ಮಣಿಗಳೂ ಈ ಸರಗಳಿಗೆ ಸೇರಿದವು. ಬೆಟ್ಟದವರು ಇದಕ್ಕೆಲ್ಲ ಬದಲಾಗಿ ಹತ್ತಿ, ಮೆಣಸಿನಕಾಯಿ ಮೊದಲಾದ ಬೆಳೆಗಳನ್ನು ಬಯಲಿಗೆ ಇಳಿಸುತ್ತಿದ್ದರು.

ಈ ವಸ್ತುಗಳು ಹೊರಗಿನವಾದರೂ ಜೋಡಣೆ ಮಾತ್ರ ಅವರದೇ. ಮೂಳೆ ಇಲ್ಲವೆ ಶಂಖದ ಪಟ್ಟಿಗಳಿಂದ ಎಳೆಗಳನ್ನು ಬಿಡಿಸಿ ಹಲವು ಸಾಲಿನ ಸರ ಕಟ್ಟುತ್ತಾರೆ. ತಂಗ್‌ಖುಲ್ ಹೆಂಗಸರ ‘ಕೊಂಗ್‌ಸಾಂಗ್’ ಅಂಥ ಸರಗಳಲ್ಲೊಂದು. ಸುಮಿ ಹೆಂಗಸರು ಸೊಂಟಕ್ಕೆ ಹಲವು ಎಳೆಯ ಮಣಿಪಟ್ಟಿ ಕಟ್ಟುತ್ತಿದ್ದರು. ಆವೋ ಹೆಂಗಸರ ಕಿವಿಯಲ್ಲಿ ಸ್ಫಟಿಕದ ದೊಡ್ಡ ಆಭರಣಗಳು ಹೊಳೆಯುತ್ತಿದ್ದವು. ಅಂಗಾಮಿ ಹೆಂಗಸರ ತೋಳು, ಮುಂಗೈಗಳಲ್ಲಿ ಹಿತ್ತಾಳೆಯ ಭಾರವಾದ ಕಡಗಗಳಿದ್ದವು. ಯಾವ ಬುಡಕಟ್ಟಿಗೆ ಯಾವ ಮಣಿ, ಎಷ್ಟು ಎಳೆ ಎಂಬುದು ಗೊತ್ತಾದ ಕ್ರಮವಾಗಿತ್ತು.

ಕೂದಲು ಮತ್ತು ಹಚ್ಚೆ

ಬಟ್ಟೆ, ಮಣಿಗಳಷ್ಟೇ ಅಲ್ಲ, ದೇಹವೂ ಈ ಬರಹದ ಒಂದು ಹಾಳೆ. ಅಂಗಾಮಿಗಳಲ್ಲಿ ಮದುವೆಯಾಗದ ಹುಡುಗಿಯರ ತಲೆ ಬೋಳಿಸುತ್ತಿದ್ದರು. ಮದುವೆಯಾದ ಮೇಲೆಯೇ ಕೂದಲು ಬೆಳೆಸುವುದು. ಹೆಣ್ಣಿನ ಬೋಳು ತಲೆಯೆಂದರೆ ವೈಧವ್ಯ ಎಂಬ ಕಠೋರ ಪದ್ಧತಿಯನ್ನು ಕಂಡಿದ್ದ ನಮ್ಮ ಕಡೆಯ ಕಣ್ಣಿಗೆ ಇದು ತಿರುವುಮುರುವಾಗಿ ತೋರಬಹುದು. ಅಲ್ಲಿ ಬೋಳು ತಲೆ ಕನ್ಯೆಯ ಗುರುತು, ನೀಳ ಕೂದಲು ಗೃಹಿಣಿಯ ಗುರುತು.

ಆವೋ ಹುಡುಗಿಯರಿಗೆ ಹಚ್ಚೆ ಕಡ್ಡಾಯವಾಗಿತ್ತು. ಮೈನೆರೆಯುವ ಆಸುಪಾಸಿನ ವಯಸ್ಸಿನಲ್ಲಿ ಊರ ಹೊರಗಿನ ಕಾಡಿಗೆ ಕರೆದೊಯ್ದು, ಗಂಡಸರ ನೆರಳೂ ಬೀಳದ ಕಡೆ ಈ ಕೆಲಸ ನಡೆಯುತ್ತಿತ್ತು. ಬಲ್ಲ ಮುದುಕಿಯೊಬ್ಬಳು ಬೆತ್ತದ ಮುಳ್ಳುಗಳನ್ನು ಕಟ್ಟಿದ ಸಣ್ಣ ಉಪಕರಣವನ್ನು ಚರ್ಮದ ಮೇಲಿಟ್ಟು ಬಡಿಯುತ್ತಿದ್ದಳು. ಕಾಲು, ಗಲ್ಲ, ಎದೆ ಹೀಗೆ ವರ್ಷಕ್ಕಿಷ್ಟು ಎಂದು ಕಂತುಗಳಲ್ಲಿ ಹಚ್ಚೆ ಪೂರ್ಣವಾಗುತ್ತಿತ್ತು. ನೋವು ವಿಪರೀತ. ಹುಣ್ಣು ಮಾಯಲು ದಿನಗಳೇ ಹಿಡಿಯುತ್ತಿದ್ದವು. ಆದರೆ ಹಚ್ಚೆಯಿಲ್ಲದ ಹುಡುಗಿಗೆ ಮದುವೆಯ ಮಾತೇ ಕಷ್ಟ. ಮಣಿಗಳನ್ನು ಕಳ್ಳರು ಒಯ್ಯಬಹುದು, ಬಟ್ಟೆಯನ್ನು ಬೆಂಕಿ ತಿನ್ನಬಹುದು. ಹಚ್ಚೆ ಮಾತ್ರ ಸಾವಿನವರೆಗೂ ಜೊತೆಗಿರುವ ಒಡವೆ.

ಈ ಪದ್ಧತಿಗಳನ್ನು ನೆನೆಯುವಾಗ ಹಳೆಯದೆಲ್ಲ ಹೊನ್ನು ಎಂದು ಹಾಡುವುದು ತಪ್ಪಾದೀತು. ಹತ್ತು ಹನ್ನೆರಡರ ಹುಡುಗಿಯನ್ನು ಕೆಳಕ್ಕೊತ್ತಿ ಹಿಡಿದು ಚುಚ್ಚಿದ ಹಚ್ಚೆಯಲ್ಲಿ ಆಕೆಯ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ. ಬಡವನ ಮಗಳು ತಾನೇ ನೇಯಬಲ್ಲ ಚೆಲುವಾದ ಬಟ್ಟೆಯನ್ನು ತಾನು ಉಡುವಂತಿರಲಿಲ್ಲ. ಗೌರವವನ್ನು ದಾಖಲಿಸಿದ ಅದೇ ನೂಲು ಕೀಳರಿಮೆಯನ್ನೂ ದಾಖಲಿಸುತ್ತಿತ್ತು.

ತಾಯಿಯಿಂದ ಮಗಳಿಗೆ

ಹಾಗಿದ್ದರೂ ಹೆಣ್ಣಿಗೆ ಈ ಮಣಿಗಳು ಅಷ್ಟು ಮುಖ್ಯವಾಗಲು ಇನ್ನೊಂದು ಕಾರಣವಿತ್ತು. ನಾಗಾ ಕಟ್ಟಳೆಯಲ್ಲಿ ಹಿರಿಯರ ಹೊಲ ಮನೆ ಗಂಡುಮಕ್ಕಳಿಗೆ ಸೇರುತ್ತವೆ. ಊರಿನ ಹಿರಿಯರ ಸಭೆಯಲ್ಲಿ ಹೆಂಗಸಿಗೆ ಆಸನವಿರಲಿಲ್ಲ. ಆದರೆ ಆಕೆಯ ಆಭರಣ, ಆಕೆ ನೇಯ್ದ ಬಟ್ಟೆ ಆಕೆಯದೇ. ಅವು ತಾಯಿಯಿಂದ ಮಗಳಿಗೆ ಬರುತ್ತಿದ್ದವು. ಒಳ್ಳೆಯ ಹಳೆಯ ಸರವೊಂದರ ಬೆಲೆಯನ್ನು ದನಗಳ ಲೆಕ್ಕದಲ್ಲಿ ಹೇಳುತ್ತಿದ್ದ ಕಾಲದಲ್ಲಿ ಇದು ಸಣ್ಣ ಆಸ್ತಿಯಲ್ಲ. ಹೊಲದ ಗಡಿಕಲ್ಲುಗಳು ಗಂಡಿನ ವಂಶವನ್ನು ಹೇಳಿದರೆ, ಕೊರಳ ಮಣಿಗಳು ಅಜ್ಜಿ, ತಾಯಿ, ಮಗಳು ಎಂಬ ಹೆಣ್ಣಿನ ವಂಶವನ್ನು ಹೇಳುತ್ತಿದ್ದವು.

ಹೆಣ್ಣಿನ ಈ ಎರಡು ಊರುಗಳ ನಂಟಿಗೆ ಇನ್ನೂ ದೊಡ್ಡ ಬೆಲೆಯಿತ್ತು ಎಂಬುದನ್ನು ತಂಗ್‌ಖುಲ್‌ರ ‘ಪುಕ್ರೇಲಾ’ ಪದ್ಧತಿ ತೋರಿಸುತ್ತದೆ. ಒಂದು ಊರಿನಲ್ಲಿ ಹುಟ್ಟಿ ಇನ್ನೊಂದು ಊರಿಗೆ ಸೊಸೆಯಾಗಿ ಹೋದವಳು ಎರಡೂ ಊರುಗಳ ಕಾಳಗದ ನಡುವೆ ಹೋಗಿ ನಿಂತು ಅದನ್ನು ನಿಲ್ಲಿಸಬಹುದಿತ್ತು. ಆಕೆಯ ಮೈ ಮುಟ್ಟುವುದು ಎರಡೂ ಕಡೆಯವರಿಗೆ ನಿಷಿದ್ಧ. ಸಭೆಯಲ್ಲಿ ಮಾತಿಲ್ಲದವಳಿಗೆ ರಣರಂಗದಲ್ಲಿ ಮಾತಿತ್ತು.

ಪೆಟ್ಟಿಗೆ ಸೇರಿದ ಮಣಿಗಳು

1872ರಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಎಡ್ವಿನ್ ಕ್ಲಾರ್ಕ್ ಆವೋಗಳ ಮೊಲುಂಗ್‌ಕಿಮೊಂಗ್ ಹಳ್ಳಿಗೆ ಬಂದರು. ಅವರ ಪತ್ನಿ ಮೇರಿ ಮೀಡ್ ಕ್ಲಾರ್ಕ್ ಹುಡುಗಿಯರಿಗೆ ಅಕ್ಷರ ಕಲಿಸಲು ತೊಡಗಿದರು. ಬ್ರಿಟಿಷ್ ಆಡಳಿತ 1878ರಲ್ಲಿ ಕೊಹಿಮಾದಲ್ಲಿ ನೆಲೆಯೂರಿತು. ನಂತರದ ಅರ್ಧ ಶತಮಾನದಲ್ಲಿ ನಾಗಾ ಬದುಕು ಗುರುತು ಸಿಗದಷ್ಟು ಬದಲಾಯಿತು. 2011ರ ಗಣತಿಯಂತೆ ನಾಗಾಲ್ಯಾಂಡಿನ ಶೇಕಡ 88ರಷ್ಟು ಜನ ಕ್ರೈಸ್ತರು.

ಮಿಷನ್ ಅಕ್ಷರ ತಂದಿತು, ಔಷಧ ತಂದಿತು, ಹುಡುಗಿಯರಿಗೆ ಶಾಲೆಯ ಬಾಗಿಲು ತೆರೆಯಿತು. ಆದರೆ ಅಕ್ಕಿಯ ಮದ್ಯ, ಬಲಿ, ಔತಣಗಳೆಲ್ಲ ಹಳೆಯ ಧರ್ಮದ ಭಾಗವೆಂದು ಅವಕ್ಕೆ ತಡೆಯೊಡ್ಡಿತು. ಔತಣವೇ ನಿಂತ ಮೇಲೆ ಅದರಿಂದ ಗಳಿಸುವ ಶಾಲನ್ನು ಹೊದೆಯುವ ಹಕ್ಕು ಯಾರಿಗೆ? ಹಚ್ಚೆ ನಿಂತಿತು. ಬೋಳಿಸುತ್ತಿದ್ದ ತಲೆಗಳಲ್ಲಿ ಜಡೆ ಬೆಳೆಯಿತು. ರವಿಕೆ, ಲಂಗ, ಗಿರಣಿಯ ಬಟ್ಟೆ ಬಂದವು. ಮಣಿಗಳು ಪೆಟ್ಟಿಗೆ ಸೇರಿದವು.

ಈ ಬದಲಾವಣೆಯನ್ನು ಟೀಕಿಸಿದವರು ಬ್ರಿಟಿಷ್ ಅಧಿಕಾರಿಗಳಲ್ಲೇ ಇದ್ದರು. 1926ರಲ್ಲಿ ಆವೋಗಳ ಕುರಿತು ಗ್ರಂಥ ಬರೆದ ಜೆ.ಪಿ. ಮಿಲ್ಸ್ ಅವರಲ್ಲೊಬ್ಬ. ಅಂಗಾಮಿ, ಸುಮಿಗಳ ಕುರಿತು 1921ರಲ್ಲಿ ಎರಡು ಗ್ರಂಥಗಳನ್ನು ಪ್ರಕಟಿಸಿದ ಜೆ.ಎಚ್. ಹಟನ್ ಇನ್ನೊಬ್ಬ ಅಧಿಕಾರಿ. ಇಂದು ನಾಗಾ ಉಡುಗೆಯ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲಿಗೆ ಇವರ ಬರಹಗಳೇ ಆಧಾರ. ಆದರೆ ಇವರ ಆಸ್ಥೆಗೂ ಒಂದು ಬೆಲೆಯಿತ್ತು. ಇವರು ಸಂಗ್ರಹಿಸಿದ ಬಟ್ಟೆ, ಸರ, ಕಡಗಗಳು ಇಂಗ್ಲೆಂಡಿಗೆ ಸಾಗಿದವು. ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯವೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ನಾಗಾ ವಸ್ತುಗಳಿವೆ. ತನ್ನ ಮುತ್ತಜ್ಜಿಯ ಕಾಲದ ನೇಯ್ಗೆಯನ್ನು ನೋಡಬೇಕೆಂದರೆ ನಾಗಾ ಹೆಣ್ಣು ಕಡಲು ದಾಟಿ ಹೋಗಬೇಕಾದ ಸ್ಥಿತಿ ಬಂದಿತು. ಮಿಷನ್ ಹಳೆಯದನ್ನು ಬಿಡಿಸಿತು. ವಿದ್ವಾಂಸರು ಬಿಟ್ಟದ್ದನ್ನು ಎತ್ತಿಕೊಂಡು ಹೋದರು.

ಬಿಡಲು ಒಪ್ಪದವರೂ ಇದ್ದರು. 1915ರಲ್ಲಿ ಮಣಿಪುರದ ಬೆಟ್ಟದ ಹಳ್ಳಿಯೊಂದರಲ್ಲಿ ಹುಟ್ಟಿದ ರೊಂಗ್‌ಮೇ ಹುಡುಗಿ ಗಾಯಿದಿನ್ಲಿಯು ಹದಿಹರೆಯದಲ್ಲೇ ಬ್ರಿಟಿಷರ ವಿರುದ್ಧದ ಚಳವಳಿಯ ಮುಂದಾಳಾದರು. 1932ರಲ್ಲಿ ಬಂಧಿತರಾದ ಅವರು ಹೊರಬಂದದ್ದು 1947ರಲ್ಲಿ. ತಮ್ಮ ಜನರ ಹಳೆಯ ನಂಬಿಕೆಯನ್ನು ಕಡೆಯವರೆಗೂ ಎತ್ತಿಹಿಡಿದ ಅವರು 1982ರಲ್ಲಿ ಪದ್ಮಭೂಷಣ ಗೌರವಕ್ಕೆ ಪಾತ್ರರಾದರು, 1993ರಲ್ಲಿ ತೀರಿಕೊಂಡರು. ಛಾಯಾಚಿತ್ರಗಳಲ್ಲಿ ರಾಣಿ ಗಾಯಿದಿನ್ಲಿಯು ಬುಡಕಟ್ಟಿನ ಕೈಮಗ್ಗದ ಬಟ್ಟೆ, ಮಣಿಸರಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಅವರ ಪಾಲಿಗೆ ಅದು ಹಬ್ಬದ ವೇಷವಲ್ಲ, ನಿಲುವು.

ವೇದಿಕೆ ಮತ್ತು ಮಾರುಕಟ್ಟೆ

ರಾಜ್ಯವಾದ ಮೇಲೆ ನಾಗಾ ಉಡುಗೆಗೆ ಹೊಸ ಜೀವ ಬಂದಿತು. ಒಂದು ಕಾಲಕ್ಕೆ ಸಂಶಯದಿಂದ ನೋಡುತ್ತಿದ್ದ ಚರ್ಚಿಗೆ ಇಂದು ಹೆಂಗಸರು ಒಳ್ಳೆಯ ಮೆಖೆಲಾ ಉಟ್ಟು, ಶಾಲು ಹೊದ್ದು ಹೋಗುತ್ತಾರೆ. ಫೆಬ್ರುವರಿಯಲ್ಲಿ ಅಂಗಾಮಿಗಳ ಸೆಕ್ರೆನ್ಯಿ, ಏಪ್ರಿಲ್‌ನಲ್ಲಿ ಕೊನ್ಯಾಕರ ಆವೊಲಿಂಗ್, ಮೇ ತಿಂಗಳಲ್ಲಿ ಆವೋಗಳ ಮೋಆತ್ಸು ಹಬ್ಬಗಳಲ್ಲಿ ಪೆಟ್ಟಿಗೆಯ ಮಣಿಗಳು ಹೊರಬರುತ್ತವೆ. 2000ದಲ್ಲಿ ಆರಂಭವಾದ ಹಾರ್ನ್‌ಬಿಲ್ ಉತ್ಸವ ಪ್ರತಿವರ್ಷ ಡಿಸೆಂಬರ್ ಮೊದಲ ವಾರದಲ್ಲಿ ಕೊಹಿಮಾ ಬಳಿಯ ಕಿಸಾಮಾದಲ್ಲಿ ಎಲ್ಲ ಬುಡಕಟ್ಟುಗಳನ್ನು ಒಂದೇ ಬಯಲಿಗೆ ತರುತ್ತದೆ. ಉತ್ಸವಕ್ಕೆ ಹೆಸರು ಕೊಟ್ಟ ಮಂಗಟ್ಟೆ ಹಕ್ಕಿ ಕಾಡಿನಲ್ಲಿ ವಿರಳವಾಗಿರುವುದರಿಂದ ನರ್ತಕರು ಈಗ ಕೃತಕ ಗರಿಗಳನ್ನು ಮುಡಿಯುತ್ತಾರೆ.

ಆದರೆ ವೇದಿಕೆಗೆ ಬರುವಾಗ ಉಡುಗೆಯ ಅರ್ಥ ಬದಲಾಗಿದೆ. ಹಿಂದೆ ಒಂದೇ ಕುಣಿತದ ಸಾಲಿನಲ್ಲಿ ನಿಂತ ಹತ್ತು ಹೆಂಗಸರ ಉಡುಗೆ ಹತ್ತು ಕತೆಗಳನ್ನು ಹೇಳುತ್ತಿತ್ತು. ಈಗ ತಂಡದ ಎಲ್ಲರದೂ ಒಂದೇ ಬಗೆಯ ಬಟ್ಟೆ, ಒಂದೇ ಅಳತೆಯ ಸರ. ‘ಇವಳು ಯಾರ ಮಗಳು’ ಎಂದು ಹೇಳುತ್ತಿದ್ದ ಉಡುಗೆ ‘ಇವರು ಯಾವ ಬುಡಕಟ್ಟಿನವರು’ ಎಂಬುದನ್ನು ಮಾತ್ರ ಹೇಳುವ ಸಮವಸ್ತ್ರವಾಗಿದೆ. ಬಡವರ ಮಗಳೂ ಇಂದು ತನಗಿಷ್ಟವಾದದ್ದನ್ನು ಉಡಬಲ್ಲಳು ಎಂಬುದು ಇದರ ಒಳ್ಳೆಯ ಮುಖ. ಆ ಸಮಾನತೆ ಹಳೆಯ ಕಟ್ಟಳೆಯಲ್ಲಿ ಇರಲಿಲ್ಲ.

ಕಳವಳದ ಸಂಗತಿಗಳು ಬೇರೆಯವು. ಮಂಜಿಷ್ಠದ ಕೆಂಪಿನ ಜಾಗದಲ್ಲಿ ಅಕ್ರಿಲಿಕ್ ನೂಲಿದೆ. ಕಾರ್ನೀಲಿಯನ್ ಜಾಗದಲ್ಲಿ ಪ್ಲಾಸ್ಟಿಕ್ ಮಣಿ. ಹಳೆಯ ಸರಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ವಿದೇಶಿ ಸಂಗ್ರಾಹಕರ ಕಣ್ಣಿಗೆ ಬಿದ್ದು ಒಂದೊಂದಾಗಿ ಮನೆಯಿಂದ ಹೊರಟವು. ತಾಯಿಯಿಂದ ಮಗಳಿಗೆ ಹೋಗಬೇಕಾದದ್ದು ಮಾರಾಟದ ಕಪಾಟು ಸೇರಿತು. ವಾರಗಟ್ಟಲೆ ಕುಳಿತು ನೇಯುವ ವಿನ್ಯಾಸವನ್ನು ವಿದ್ಯುತ್ ಮಗ್ಗ ಗಂಟೆಗಳಲ್ಲಿ ನಕಲು ಮಾಡುತ್ತದೆ. ಕೊಳ್ಳುವವನಿಗೆ ವ್ಯತ್ಯಾಸ ತಿಳಿಯುವುದಿಲ್ಲ; ಸೊಂಟಕ್ಕೆ ಪಟ್ಟಿ ಕಟ್ಟಿ ಕುಳಿತವಳ ಬೆನ್ನಿಗೆ ಮಾತ್ರ ತಿಳಿಯುತ್ತದೆ.

ಇದನ್ನು ಎದುರಿಸುವ ಪ್ರಯತ್ನಗಳೂ ಅಲ್ಲಿಂದಲೇ ಹುಟ್ಟಿವೆ. ಫೆಕ್ ಜಿಲ್ಲೆಯ ಚಿಜಾಮಿ ಎಂಬ ಹಳ್ಳಿಯಲ್ಲಿ 2008ರಲ್ಲಿ ಆರಂಭವಾದ ‘ಚಿಜಾಮಿ ವೀವ್ಸ್’ ಹೆಂಗಸರು ತಮ್ಮ ಮನೆಯಲ್ಲೇ ಸೊಂಟಮಗ್ಗದಲ್ಲಿ ನೇಯ್ದದ್ದನ್ನು ದೂರದ ನಗರಗಳ ಗ್ರಾಹಕರಿಗೆ ತಲುಪಿಸುತ್ತಿದೆ. ಅದೇ ಜಿಲ್ಲೆಯ ಚಾಕೆಸಾಂಗ್ ಶಾಲಿಗೆ 2017ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಮೈಸೂರು ರೇಷ್ಮೆಗೆ, ಇಳಕಲ್ ಸೀರೆಗೆ ಇರುವಂಥ ರಕ್ಷಣೆ ಇದು. ಒಂದು ಕಾಲಕ್ಕೆ ಊರಿನ ಕಟ್ಟಳೆ ಕಾಯುತ್ತಿದ್ದ ಹಕ್ಕನ್ನು ಈಗ ದೇಶದ ಕಾನೂನು ಕಾಯಬೇಕಾಗಿದೆ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಸಂವಿಧಾನದ 371ಎ ವಿಧಿ ನಾಗಾಗಳ ರೂಢಿಯ ಕಟ್ಟಳೆಗಳಿಗೆ ರಕ್ಷಣೆ ಕೊಟ್ಟಿದೆ. ಆ ಕಟ್ಟಳೆಯನ್ನೇ ಮುಂದಿಟ್ಟು, ಪಟ್ಟಣದ ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ಮೂರನೆಯ ಒಂದು ಭಾಗ ಸ್ಥಾನ ಮೀಸಲಿಡುವುದನ್ನು ಬಲವಾಗಿ ವಿರೋಧಿಸಲಾಯಿತು. 2017ರಲ್ಲಿ ಈ ವಿಷಯದ ಗಲಭೆಯಲ್ಲಿ ಜೀವಹಾನಿಯೂ ಆಯಿತು. ಕೊನೆಗೆ ಆ ಚುನಾವಣೆ ನಡೆದದ್ದು 2024ರ ಜೂನ್‌ನಲ್ಲಿ. ರಾಜ್ಯ ಹುಟ್ಟಿ ಅರವತ್ತು ವರ್ಷ ತುಂಬುವ 2023ರಲ್ಲಿ ಹೆಕಾನಿ ಜಖಾಲು ಮತ್ತು ಸಲ್ಹೌತುವೊನುವೊ ಕ್ರೂಸೆ ವಿಧಾನಸಭೆಗೆ ಆಯ್ಕೆಯಾದರು. ಅಲ್ಲಿಯವರೆಗೆ ಒಬ್ಬ ಹೆಣ್ಣೂ ಆ ಸಭೆಗೆ ಗೆದ್ದು ಬಂದಿರಲಿಲ್ಲ. ಸಭೆಯಲ್ಲಿ ಕುಳಿತ ಗಂಡಸರ ಹೆಗಲ ಮೇಲಿನ ಶಾಲುಗಳನ್ನೆಲ್ಲ ನೇಯ್ದವರಿಗೆ ಆ ಸಭೆಯ ಬಾಗಿಲು ತೆರೆಯಲು ಅಷ್ಟು ಕಾಲ ಹಿಡಿಯಿತು.

ಉಡುಗೆ ಬದಲಾಗುವುದು ತಪ್ಪಲ್ಲ. ಖಂಭಾತದ ಕಲ್ಲು, ತೂತ್ತುಕುಡಿಯ ಶಂಖ, ವೆನಿಸ್ಸಿನ ಗಾಜು ಇವನ್ನೆಲ್ಲ ತನ್ನದಾಗಿಸಿಕೊಂಡ ಪರಂಪರೆ ಎಂದೂ ನಿಂತ ನೀರಾಗಿರಲಿಲ್ಲ. ಹಳೆಯ ಅಂತಸ್ತುಗಳು ಅಳಿದದ್ದಕ್ಕೆ ಮರುಗಬೇಕಾಗಿಯೂ ಇಲ್ಲ. ಉಳಿಯಬೇಕಾದದ್ದು ಎಳೆಗಳನ್ನು ಎಣಿಸುವ ಆ ನೆನಪು, ಮತ್ತು ಅದನ್ನು ಹೊತ್ತವಳಿಗೆ ಸಲ್ಲಬೇಕಾದ ಗೌರವ. ಮುಂದಿನ ಬಾರಿ ಮೆರವಣಿಗೆಯಲ್ಲಿ ನಾಗಾ ಹೆಂಗಸರು ಹಾದುಹೋಗುವಾಗ ಬಣ್ಣವನ್ನು ಮೆಚ್ಚುವುದರ ಜೊತೆಗೆ, ಅಲ್ಲಿ ಓದಲು ಏನೋ ಬರೆದಿದೆ ಎಂಬ ಅರಿವೂ ನೋಡುಗರಲ್ಲಿದ್ದರೆ ಅದು ಆ ಗೌರವದ ಮೊದಲ ಹೆಜ್ಜೆಯಾದೀತು.